ಮಾವನ ಪೈಪು, ನನ್ನ ವಾಲ್ವು

ವಾಲ್ವು ತಿರುವಾವನ ಜೀವಮಾನದಾಗ ಏನೂ ಆಗಲಾರದ ದಿನಾ ಅಂತ ಒಂದು ಬಂತಂದ್ರ, ಅವತ್ತ ಅಂವ ಸೂಟಿ ಹಾಕಿರ್ತಾನ ಅಂತ ತಿಳೀರಿ. ನಾ ಸೂಟಿ ಭಾಳ ಕಡಿಮಿ ಹಾಕಿದಾಂವ. ಅದಕ್ಕ ನನ್ನ ಹಂತೇಕ ಇಂಥಾ ಸುದ್ದಿ ಚೀಲ ತುಂಬ ಅದಾವ.

ಎಪ್ಪತ್ತರ ದಶಕ ಮುಗಿಯೂ ಹೊತ್ತಿಗೆ ನಾ ಬೆಟಗೇರಿ ಹೊರಗಿನ ಒಂದು ನೂಲಿನ ಗಿರಣಿಗೆ ಫಿಟ್ಟರ್ ಅಂತ ಸೇರಿದೆ. ಲಕ್ಷ್ಮೇಶ್ವರದಿಂದ ಒಂದು ಟ್ರಂಕು, ನಟ್ಟು ತಿರುವೂ ಒಂದು ಪಾನಾ ತಗೊಂಡು ಬಂದಿದ್ದೆ. ಹತ್ತಿ ಗಿರಣಿ ಅಂದ್ರ ಬೆಂಕಿಗೆ ಎಲಿ ಹಾಕಿ ಊಟಕ್ಕ ಕರದಂಗ. ಅದಕ್ಕ ಛಾವಣಿ ತುಂಬ ಪೈಪು ಎಳದು, ಹತ್ತ ಹತ್ತ ಫೂಟಿಗೆ ಒಂದೊಂದು ಗಾಜಿನ ಗುಳಿಗಿ ಕುಂಡ್ರಿಸಿದ್ರು. ಕೆಳಗ ಬೆಂಕಿ ಬಿದ್ರ ಕಾವಿಗೆ ಗುಳಿಗಿ ಒಡೀತೈತಿ, ಮ್ಯಾಲಿಂದ ನೀರು ಸುರೀತೈತಿ. ಸಾಹೇಬ್ರು ಅದಕ್ಕ ಸ್ಪ್ರಿಂಕ್ಲರ್ ಅಂತಿದ್ರು. ನಾವು ಕಾರಂಜಿ ಅಂತಿದ್ವಿ. ಅದನ್ನ ನೋಡಕೊಳ್ಳೂದು ನನ್ನ ಕೆಲಸ.

ಈ ಪೈಪಿಗೆ ನೀರು ಎರಡ ಕಡಿಂದ ಬರತಿತ್ತು. ಒಂದು ನಮ್ಮ ಎತ್ತರದ ಟಾಕಿಯಿಂದ, ಇನ್ನೊಂದು ಊರ ನಳದ ಪೈಪಿನಿಂದ. ಊರ ಪೈಪು ಬಂದು ನಮ್ಮ ಪೈಪಿಗೆ ಕೂಡೂ ಜಾಗಾದಾಗ ಒಂದು ಚೆಕ್ ವಾಲ್ವು. ಅದರ ಹೊಟ್ಟ್ಯಾಗ ಒಂದು ಹಿತ್ತಾಳಿ ಬಾಗಲಾ. ಊರ ನೀರು ಒಳಗ ಬರೂವಾಗ ಬಾಗಲಾ ತೆರೀತೈತಿ, ನಮ್ಮ ನೀರು ತಿರುಗಿ ಹೊರಗ ಹೊಂಟ್ರ ಟಪ್ ಅಂತ ಮುಚ್ಚಿಕೊಂತೈತಿ. ಮುಚ್ಚಲೇಬೇಕು. ಯಾಕಂದ್ರ ಕಾರಂಜಿ ಪೈಪಿನ ನೀರು ವರ್ಷಗಟ್ಟಲೆ ಅಲ್ಲೇ ಕುಂತು, ಕರ್ರಗಾಗಿ, ಕೊಳತ ತತ್ತಿ ನಾತ ಹೊಡೀತಿರತೈತಿ. ಅದು ಊರ ಮಂದಿ ಕೊಡಕ್ಕ ಬಂದ್ರ ಮಂದಿ ನಮ್ಮ ಬೆನ್ನಿನ ಚರ್ಮಾ ಸುಲೀತಾರ.

ಆ ಊರ ಪೈಪು ಯಾರ ಕೈಯಾಗಿತ್ತು ಅಂತ ಕೇಳ್ರಿ. ಅಲ್ಲೇ ಐತಿ ನನ್ನ ಹಣೇಬರ. ಬೆಟಗೇರಿಗೆ ನೀರು ಬಿಡಾಂವ ನನ್ನ ಸ್ವಾದರಮಾವ. ಅವನ ಮಗಳು ನನಗ ಅಂತ, ಅಕಿ ತೊಟ್ಟಲದಾಗ ಇದ್ದಾಗನ ನಮ್ಮವ್ವ ಹೇಳಿಟ್ಟಿದ್ಲು. ಅಕ್ಕನ ಮಗಗ ಹೆಣ್ಣ ಕೊಡೂದು ನಮ್ಮ ಕಡೆ ರೂಢಿನ ಐತಿ. ರೂಢಿ ಬಿಡ್ರಿ, ನನಗೂ ಅಕಿ ಬಿಟ್ರ ಬ್ಯಾರೆ ಯಾರೂ ಬ್ಯಾಡಾಗಿತ್ತು. ಸುಳ್ಳ ಯಾಕ ಹೇಳ್ಲಿ.

ಬಾಗಲಾ ಬಡಕೊಂತಿತ್ತು

ಗಿರಣಿ ಸೇರಿ ಎರಡು ತಿಂಗಳಾಗಿತ್ತು. ಬೆಟಗೇರಿಯೊಳಗ ಆವಾಗ ಎಂಟ ದಿನಕ್ಕೊಮ್ಮೆ ನೀರು. ಅವತ್ತ ನೀರ ಬರೂ ದಿನಾ. ಮಾವ ಮುಳಗುಂದಕ್ಕ ಒಂದು ಮದುವಿಗೆ ಹೊಂಟಿದ್ದ. ನೀರು ಬಿಟ್ಟು ಮನಿಗೆ ಬಂದು, ಮೊದಲನೇ ಬಕೀಟಿನ್ಯಾಗ ತನ್ನ ಬಿಳೇ ಧೋತರಾ ಅದ್ದಿದ. ಹೊರಗ ತಗದಾಗ ಅದು ವಕೀಲರ ಕೋಟಿನ ಬಣ್ಣಕ್ಕ ಬಂದಿತ್ತು.

ಒಂದ ತಾಸಿನ್ಯಾಗ ಮಾವ ಗಿರಣಿ ಗೇಟಿಗೆ ಹಾಜರ್. ಆ ಧೋತರಾ ಒಂದು ಕೋಲಿಗೆ ಕಟ್ಟಿಕೊಂಡು ಎತ್ತಿ ಹಿಡಕೊಂಡು ಬಂದಿದ್ದ. ಕರೇ ನಿಶಾನಿ ನೋಡಿ ನಮ್ಮ ವಾಚಮನ್ ಕೆಲಸಗಾರರ ಸಂಪು ಚಾಲೂ ಆತು ಅಂತ ಗೇಟ ಹಾಕಿ, ಮ್ಯಾನೇಜರ್ ಸಾಹೇಬರಿಗೆ ಖಬರ ಕೊಡಾಕ ಓಡಿದ. ಸಾಹೇಬ್ರು ಮಾತುಕತಿಗೆ ತಯಾರದೇವಿ ಅಂತ ಹೇಳಿ ಕಳಿಸಿದ್ರು. ಇವನ ಬೇಡಿಕಿ ಏನು ಅಂತ ಕೇಳಿದ್ರ, ಧೋತರಾ ಬೆಳ್ಳಗಾಗಬೇಕು ಅಂದ.

ನಮ್ಮ ಹಿರೇ ಮಿಸ್ತ್ರಿ ಶಿರಹಟ್ಟಿ ಕಡೆಯವ್ರು. ಬಿಳೇ ಗಡ್ಡ, ತಣ್ಣನ ಮಾತು. ಇಡೀ ಗಿರಣಿ ಅವರಿಗೆ ಚಾಚಾ ಅಂತಿತ್ತು. ನಾನೂ ಚಾಚಾನೂ ಕೂಡಿ ಚೆಕ್ ವಾಲ್ವಿನ ಮುಚ್ಚಳಾ ಬಿಚ್ಚಿದ್ವಿ. ಒಳಗ ನೋಡಿದ್ರ ಬಾಗಲಕ್ಕೂ ಚೌಕಟ್ಟಿಗೂ ನಡುವ ಒಂದು ಮುಷ್ಟಿ ಹತ್ತಿ. ತಾನಾಗೇ ಬಂದು ಸಿಕ್ಕಿಕೊಂಡ ಹತ್ತಿ ಅಲ್ರಿ. ಉಂಡಿ ಕಟ್ಟಿ, ದಾರಾ ಸುತ್ತಿ, ಅಳತಿ ಹಿಡದು ಇಟ್ಟ ಹತ್ತಿ. ಎಂಟ ದಿನದಿಂದ ಬಾಗಲಾ ತೆರದ ನಿಂತಿತ್ತು, ನಮ್ಮ ಕರೀ ನೀರು ಆರಾಮ ಊರೊಳಗ ಹೊಂಟಿತ್ತು.

ಯಾರಿಟ್ಟದ್ದು ಅಂತ ಕೇಳಿದೆ. ಚಾಚಾ ಮಾರಿ ಮ್ಯಾಲ ನಾಚಿಕಿ ಅನ್ನೂದ ಇಲ್ಲ. ತಾವ ಇಟ್ಟದ್ದು ಅಂದ್ರು. ಮಧ್ಯಾಹ್ನ ಬುತ್ತಿ ಉಂಡು ಪಂಪಿನ ಖೋಲ್ಯಾಗ ಒಂದೀಟ ಅಡ್ಡಾಗಿದ್ರಂತ. ಬಾಗಲಾ ಟಪ್ ಟಪ್ ಅಂತ ಬಡಕೊಂತಿತ್ತಂತ. ಹತ್ತಿ ಇಟ್ರಂತ. ಗಿರಣಿಯೊಳಗ ಯಾವದು ಸಪ್ಪಳ ಮಾಡಿದ್ರೂ ಔಷಧ ಒಂದ. ಕಿಡಕಿ ಅಳ್ಳಾಡಿದ್ರ ಹತ್ತಿ, ಯಂತ್ರದ ಕಾಲು ಕುಣದ್ರ ಹತ್ತಿ. ಆ ರೂಢಿಯೊಳಗ ಚಾಚಾ ವಾಲ್ವಿಗೂ ಅದನ್ನ ಮಾಡಿದ್ರು.

ಇದನ್ನೆಲ್ಲಾ ಕೇಳಿ ಮಾವ ನನ್ನ ಕಡೆ ತಿರುಗಿದ. "ಕೇಳ ಲೇ. ಇವತ್ತಿನಿಂದ ಒಂದ ವರ್ಷ. ನಿಮ್ಮ ಗಿರಣಿ ನೀರು ಒಂದ ಹನಿ ನನ್ನ ಪೈಪಿಗೆ ಬಂತಂದ್ರ, ಮಗಳನ್ನ ಮುಂಡರಗಿಗೆ ಕೊಡ್ತೇನಿ," ಅಂದ. ಮುಂಡರಗಿಯೊಳಗ ಕಾಳಿನ ಅಂಗಡಿ ಇದ್ದಾಂವ ಒಬ್ಬ ವರ ಆಗಲೇ ಕೇಳಕೋಂತ ಬಂದಿದ್ದ. ಅವನ ಮನ್ಯಾಗ ಪೈಪೂ ಇಲ್ಲ, ವಾಲ್ವೂ ಇಲ್ಲ, ಸೇದೂ ಬಾವಿ. ಮಾವಗ ಅದ ದೊಡ್ಡ ಗುಣಾ ಅನಿಸಿತ್ತು.

ಮಾವ ಹೋದ ಮ್ಯಾಲ ನಾ ತಲಿ ಮ್ಯಾಲ ಕೈ ಹೊತ್ತು ಕುಂತೆ. ಚಾಚಾ ಬಂದು ಹೆಗಲ ಮ್ಯಾಲ ಕೈ ಇಟ್ರು. ಮಾವ ಇನ್ನೊಮ್ಮೆ ಬೈಯಾಕ ಬಂದ್ರ ಏನೂ ಚಿಂತಿ ಮಾಡಬ್ಯಾಡ ಅಂದ್ರು. ಆ ಹತ್ತಿ ಉಂಡಿ ಹಿಂಡಿ, ಎರಡು ಭಾಗ ಮಾಡಿ, ನನ್ನ ಅಂಗೈಯಾಗ ಇಟ್ರು.

"ಕಿವ್ಯಾಗ ಇಟ್ಟಕೋ."

ಸೋಮಾರದ ಗಂಟಿ

ಕಾರಂಜಿಗೆ ಒಂದು ಗಂಟಿ ಇರತೈತಿ. ಅದಕ್ಕ ಕರೆಂಟ ಬೇಕಾಗಿಲ್ಲ. ಪೈಪಿನ್ಯಾಗ ನೀರು ಹರದ್ರ ಒಂದು ಸಣ್ಣ ಗಾಲಿ ತಿರುಗಿ, ಹೊರಗಿನ ಗ್ವಾಡಿ ಮ್ಯಾಲಿನ ಗಂಟಿ ಗಣಗಣ ಬಾರಸತೈತಿ. ವಾರಕ್ಕೊಮ್ಮೆ ಅದನ್ನ ಪರೀಕ್ಷಾ ಮಾಡಬೇಕು. ನಾ ಸೋಮಾರ ಸಂಜಿ ನಾಕಕ್ಕ ಮಾಡತಿದ್ದೆ.

ಮಾವ ಈ ಗಂಟಿಗೆ ಅಂಜತಿದ್ದ. ಗಂಟಿ ಬಡದ್ರ ಗಿರಣಿ ನೀರು ಪೈಪಿನ್ಯಾಗ ಅಡ್ಡಾಡಾಕತ್ತೈತಿ, ಅಡ್ಡಾಡೂ ನೀರು ಯಾವ ಕಡೆ ನುಗ್ಗತೈತೋ ಯಾರಿಗೆ ಗೊತ್ತು ಅಂತ ಅವನ ಲೆಕ್ಕ. ಅದಕ್ಕ ಗಂಟಿ ಕೇಳಿದ ಕೂಡಲೇ ಎಲ್ಲಿದ್ರೂ ಓಡಿ ಹೋಗಿ ಓಣಿ ವಾಲ್ವು ಬಂದ್ ಮಾಡತಿದ್ದ. ಸೋಮಾರ ನೀರು ಬಂದ್ರ ಓಣಿ ಹೆಣ್ಮಕ್ಕಳು ನಾಕರ ಒಳಗ ತುಂಬಿಕೊಂಡು ಮುಗಿಸಬೇಕು. ಅರ್ಧಾ ತುಂಬಿದ ಕೊಡಾ ಹಿಡಕೊಂಡು ಅವ್ರು ನನಗ ಬೈದ ಬೈಗಳ ಕೂಡಿಸಿದ್ರ ಒಂದು ಪುಸ್ತಕ ಆಕ್ಕಿತ್ತು.

ಗಿರಣಿ ಬಾಜೂಕ ಒಂದು ಕನ್ನಡ ಶಾಲಿ. ಅವರ ಗಂಟಿ ಒಡದು ಹೋಗಿ, ಶಿಪಾಯಿ ರೈಲಿನ ಹಳಿ ತುಣುಕು ಬಡೀತಿದ್ದ. ಸೋಮಾರ ಮಾತ್ರ ಅಂವ ಕೈಗೆ ಆರಾಮ ಕೊಟ್ಟು, ನಮ್ಮ ಗಂಟಿಗೇ ಶಾಲಿ ಬಿಡತಿದ್ದ. ಚಾದಂಗಡಿಯಾಂವ ನಮ್ಮ ಗಂಟಿಗೆ ಸಂಜಿ ಚಾಕ್ಕ ಇಡತಿದ್ದ. ಮಲ್ಲಸಮುದ್ರದ ಕಡೆ ಎಮ್ಮಿ ಮೇಸಾಂವ ಅದ ಗಂಟಿಗೆ ಎಮ್ಮಿ ಹೊಡಕೊಂಡು ಮನಿ ಹಾದಿ ಹಿಡೀತಿದ್ದ. ಬೆಂಕಿ ಬಿದ್ದಾಗ ಓಡಿ ಬರ್ಲಿ ಅಂತ ಇಟ್ಟ ಗಂಟಿ. ಅದು ಬಾರಿಸಿದ್ರ ಮಂದಿ ಎಲ್ಲಾ ಮನಿಗೆ ಹೋಗತಿದ್ರು.

ಒಂದ ಬುಧವಾರ ಮಧ್ಯಾಹ್ನ ಹನ್ನೆರಡಕ್ಕ ಪಂಪು ಚಾಲೂ ಮಾಡಿದಾಗ ಜೋರ ಧಕ್ಕಿ ಕೊಟ್ಟಿತು. ಗಂಟಿ ತಾನ ಬಡಕೊಂತು. ನಾ ಓಡಿ ಹೋಗಿ ನಿಲ್ಲಿಸೂದ್ರಾಗ ಆಗಬಾರದ್ದೆಲ್ಲಾ ಆಗಿ ಹೋಗಿತ್ತು. ಶಾಲಿ ಬಿಟ್ಟಿತ್ತು. ಚಾ ಕುದ್ದಿತ್ತು. ಎಮ್ಮಿ ಊರ ಕಡೆ ಹೊಂಟಿದ್ದು, ಮೇಸಾಂವ ಮುಗಲ ನೋಡಿ ಇವತ್ತ ಹೊತ್ತ ಮುಳಗವಲ್ದು ಅಂತ ಗಾಬರಿ ಆಗಿದ್ದ. ಮಾವ ನಳಾ ಬಂದ್ ಮಾಡಿ ವಾಲ್ವಿನ ಮ್ಯಾಲೇ ಕುಂತುಬಿಟ್ಟಿದ್ದ.

ಮೂರು ಗಂಟೆಕ್ಕ ಶಾಲಿ ಹೆಡ್ ಮಾಸ್ತರು ಗಿರಣಿಗೆ ಬಂದ್ರು. ಕೈಯಾಗ ಅರ್ಜಿ. ನನ್ನ ನೌಕರಿಗೆ ಕುತ್ತು ಬಂತು, ನೌಕರಿ ಹೋದ್ರ ಮಾವ ಒಂದ ವರ್ಷನೂ ಕಾಯೂದಿಲ್ಲ ಅಂದುಕೊಂಡೆ. ತಪ್ಪಾತ್ರಿ ಅನ್ನಾಕ ಬಾಯಿ ತಗದಿದ್ದೆ. ಅಷ್ಟರಾಗ ಅವ್ರು ಅರ್ಜಿ ಕೈಗೆ ಕೊಟ್ರು. ಮುತ್ತಿನಂಥಾ ಅಕ್ಷರ, ಕೆಳಗ ಎಲ್ಲಾ ಮಾಸ್ತರಗೋಳ ಸಹಿ.

"ತಾವು ಇಂದು ಮಾಡಿದ ಪರೀಕ್ಷೆಯು ಅತ್ಯಂತ ಉಪಯುಕ್ತವಾಗಿದ್ದು, ಅದನ್ನು ದಿನಾಲೂ ಇದೇ ವೇಳೆಗೆ ನಡೆಸಿಕೊಡಬೇಕೆಂದು ವಿನಂತಿ."

ಖಂಡೆ ಪೂಜಿ

ನವರಾತ್ರ್ಯಾಗ ಖಂಡೆ ಪೂಜಿ ಅಂದ್ರ ನಮ್ಮ ಕಡೆ ಗೊತ್ತ ಐತಲ್ರಿ. ಕೆಲಸದ ಸಾಮಾನ ತೊಳದು, ಒರಸಿ, ವಿಭೂತಿ ಕುಂಕುಮ ಹಚ್ಚಿ ಇಟ್ಟಮ್ಯಾಲ, ಮರುದಿನಾ ಬನ್ನಿ ಮುಡಿಯೂತನಕಾ ಯಾರೂ ಅದನ್ನ ಮುಟ್ಟಬಾರದು. ಮುಟ್ಟಿದ್ರ ಮುಗೀತು, ವರ್ಷ ತುಂಬ ಅದ ಸಾಮಾನು ನಿಮ್ಮ ಕಾಲ ಮ್ಯಾಲ ಬೀಳತೈತಿ.

ಕಾರಂಜಿಗೆ ನೀರು ಬಿಡೂ ದೊಡ್ಡ ವಾಲ್ವು ಯಾವಾಗಲೂ ತೆರದ ಇರಬೇಕು. ಯಾರೂ ಮುಚ್ಚಬಾರದು ಅಂತ ಅದರ ಗಾಲಿಗೆ ಚರ್ಮದ ಪಟ್ಟಾ ಹಾಕಿ ಕೀಲಿ ಜಡದಿರ್ತಾರ. ಪೂಜಿ ಸಲುವಾಗಿ ನಾ ಕೀಲಿ ತಗದು, ವಾಲ್ವು ಮುಚ್ಚಿ, ಗ್ರೀಸ್ ಹಚ್ಚಿ, ಗಾಲಿಗೆ ಬಣ್ಣಾ ಬಳದೆ. ಬಣ್ಣಾ ಒಣಗಿದ ಮ್ಯಾಲ ತೆರದ್ರಾತು ಅಂತ ಕೈ ತೊಳ್ಯಾಕ ಹೋದೆ. ಬರೂದ್ರಾಗ ಪೂಜಿ ಮುಗದಿತ್ತು. ವಾಲ್ವಿಗೆ ಐದು ಬಟ್ಟಿನ ಕುಂಕುಮ, ಚೆಂಡು ಹೂವಿನ ಮಾಲಿ, ಮ್ಯಾಲ ಕಾಯಿ ಒಡದ ನೀರು. ವಾಲ್ವು ಮುಚ್ಚೇ ಇತ್ತು.

ಅದ ಹೊತ್ತಿಗೆ ಹುಬ್ಬಳ್ಳಿಯಿಂದ ವಿಮಾ ಕಂಪನಿ ಸಾಹೇಬ್ರು ತಪಾಸಣಿಗೆ ಬಂದ್ರು. ಕೋಟು, ಟೈ, ಕೈಯಾಗ ಫಾಯಿಲು. ನೇರ ವಾಲ್ವಿನ ಮುಂದ ನಿಂತು, ಇದು ಮುಚ್ಚೈತಲ್ಲ ಅಂದ್ರು. ಹೌದ್ರಿ ಅಂದೆ. ತೆರಿ ಅಂದ್ರು. ಪೂಜಿ ಆಗೈತ್ರಿ ಅಂದೆ. ನಾಳೆ ಸಂಜಿತನಕಾ ಬೆಂಕಿ ಬಿದ್ರ ಏನ ಮಾಡ್ತೀರಿ ಅಂತ ಕೇಳಿದ್ರು. ಹಿರೇ ಕೆಲಸಗಾರ ಒಬ್ಬಾಂವ, ಇವತ್ತ ಸೂಟಿ ಅಂತ ಅಗ್ನಿಗೂ ಗೊತ್ತಿರತೈತ್ರಿ ಅಂದ.

ಸಾಹೇಬರ ಮಾರಿ ಕೆಂಪಾತು. ತೆರೀಲಿಲ್ಲಾಂದ್ರ ನಿನ್ನ ಮ್ಯಾಲ ವರದಿ ಬರೀತೇನಿ ಅಂದ್ರು. ವರದಿ ಹೋದ್ರ ನೌಕರಿ ಹೊಕ್ಕೈತಿ, ನೌಕರಿ ಹೋದ್ರ ಮುಂಡರಗಿ ಕಾಳಿನ ಅಂಗಡಿಯಾಂವ ಗೆಲ್ಲತಾನ. ನಾ ಕೈ ಮುಂದ ಮಾಡಿದೆ. ಇಪ್ಪತ್ತ ಮಂದಿ ಕೂಡಿ ನನ್ನ ಹಿಂದಕ್ಕ ಜಗ್ಗಿದ್ರು. ಆಗ ಯಾರೋ ಒಂದು ಹಾದಿ ತೋರಿಸಿದ್ರು. ಪೂಜಿ ಮಾಡಿದಾವ್ರು ಮುಟ್ಟಬಾರದು, ಮಾಡಲಾರದಾವ್ರು ಮುಟ್ಟಬಹುದು, ಚಾಚಾ ಮುಸಲ್ಮಾನರು, ಅವರು ತೆರೀಲಿ ಅಂದ್ರು. ಎಲ್ಲಾರೂ ಚಾಚಾನ ಕಡೆ ನೋಡಿದ್ವಿ.

ಚಾಚಾ ತಲಿ ಅಳ್ಳಾಡಿಸಿದ್ರು. "ಕಾಯಿ ಒಡದದ್ದ ನಾನು," ಅಂದ್ರು. "ಪ್ರತಿ ವರ್ಷ ನಾನ ಒಡೀತೇನಿ."

ಇನ್ನ ಪೂಜಿ ಮಾಡಲಾರದಾಂವ ಅಂತ ಗಿರಣಿಯೊಳಗ ಉಳದಾಂವ ಒಬ್ಬನ. ಸಾಹೇಬ್ರು ಫಾಯಿಲ್ ನನ್ನ ಕೈಗೆ ಕೊಟ್ಟು, ಕೋಟಿನ ತೋಳ ಮ್ಯಾಲ ಮಾಡಿಕೊಂಡು ಗಾಲಿ ಹಿಡದ್ರು. ದೊಡ್ಡ ವಾಲ್ವು, ಇಪ್ಪತ್ತೆರಡು ಸುತ್ತು. ಒಂದೊಂದು ಸುತ್ತಿಗೂ ಮಂದಿ ಎಣಿಸಿಕೋಂತ ನಿಂತ್ರು. ಮುಗಿಸೂ ಹೊತ್ತಿಗೆ ಟೈ ತುಂಬ ಕುಂಕುಮ, ಎದಿ ಮ್ಯಾಲ ಹಸೀ ಬಣ್ಣಾ, ಕೊಳ್ಳಾಗ ಹೆಂಗೋ ಬಂದು ಬಿದ್ದ ಚೆಂಡು ಹೂವಿನ ಮಾಲಿ. ಚಾಚಾ ಅವರ ಕೈಯಾಗ ಅರ್ಧಾ ಹೋಳು ಕಾಯಿ ಇಟ್ರು.

ಹದಿನೈದು ದಿನಕ್ಕ ವರದಿ ಬಂತು. ನನ್ನ ಹೆಸರೂ ಇಲ್ಲ, ಪೂಜಿ ಸುದ್ದಿನೂ ಇಲ್ಲ. ಒಂದ ಸಾಲು ಇತ್ತು.

"ವಾಲ್ವು ಸಲೀಸಾಗಿ ತಿರುಗುತ್ತದೆ. ಸ್ವತಃ ಪರೀಕ್ಷಿಸಿದ್ದೇನೆ."

ಲಕ್ಷ್ಮೇಶ್ವರದ ಧರ್ಮಾತ್ಮಾ

ನಮ್ಮ ಲಕ್ಷ್ಮೇಶ್ವರದಾಗ ಹತ್ತಿ ಅರದು ಕಾಳು ಬಿಡಿಸೂ ಕಾರಖಾನಿ ಸಾವಕಾರ ಒಬ್ರು ನಮ್ಮ ಕಾರಂಜಿ ನೋಡಿ, ತಮಗೂ ಬೇಕು ಅಂದ್ರು. ರವಿವಾರ ಹೋಗಿ ನಾನ ಎಲ್ಲಾ ಜೋಡಿಸಿ ಕೊಟ್ಟೆ. ಟಾಕಿ, ಪೈಪು, ಊರ ನಳಕ್ಕ ಕೂಡೂ ಜಾಗಾದಾಗ ಚೆಕ್ ವಾಲ್ವು. ನೀರು ಯಾವ ಕಡೆ ಹೋಗಬೇಕು ಅಂತ ಆ ವಾಲ್ವಿನ ಮೈಮ್ಯಾಲ ಒಂದು ಬಾಣದ ಗುರ್ತ ಇರತೈತಿ. ಕಾರಖಾನಿ ಇದ್ದದ್ದು ದಕ್ಷಿಣಕ್ಕ, ಬಾಣಾ ದಕ್ಷಿಣಕ್ಕ ಮುಖಾ ಮಾಡಿತ್ತು.

ನಾ ಈ ಕಡೆ ಬಸ್ ಹತ್ತಿದ್ದ ತಡ, ಅವರ ಮನ್ಯಾಗಿನ ಹಿರ್ಯಾರೊಬ್ರು ಬಾಣಾ ನೋಡಿದ್ರಂತ. ದಕ್ಷಿಣ ಅಂದ್ರ ಯಮನ ದಿಕ್ಕು, ಹೊಸಾ ಕೆಲಸದಾಗ ಬಾಣಾ ಯಮನ ಕಡೆ ಮಾಡ್ತಾರೇನು ಅಂದ್ರಂತ. ಸಾವಕಾರ್ರು ಊರಿನ ಬಡಿಗ್ಯಾನ್ನ ಕರದು ವಾಲ್ವು ಬಿಚ್ಚಿಸಿ, ಉತ್ತರಕ್ಕ ತಿರುವಿ ಕುಂಡ್ರಿಸಿದ್ರು. ನನಗ ಹೇಳಿದಾವ್ರು ಯಾರು.

ತಿಂಗಳಾದ ಮ್ಯಾಲ ಟಾಕಿ ತುಂಬವಲ್ದು, ಬಂದು ನೋಡು ಅಂತ ಹೇಳಿ ಕಳಿಸಿದ್ರು. ಹೋದ್ರ ಕಾರಖಾನಿ ಮುಂದ ಬ್ಯಾಂಡು, ಹಾರಾ, ಶಾಲು. ಓಣಿ ಮಂದಿ ಎಲ್ಲಾ ಕೂಡಿದ್ರು. ತಿಂಗಳಿಂದ ಓಣಿ ನಳಕ್ಕ ದಿನಾ ಎರಡು ಹೊತ್ತು ಸಕ್ಕರಿಯಂಥಾ ಬಾವಿ ನೀರು ಬರಾಕತ್ತಿತ್ತು. ಸಾವಕಾರ್ರು ಬಾಯಿಬಿಟ್ಟು ಹೇಳಲಾರದ ಇಂಥಾ ದಾನಾ ಮಾಡಾಕತ್ತಾರ ಅಂತ ಅವರಿಗೆ ಸನ್ಮಾನ. ನಾ ಹಿಂದ ಹೋಗಿ ವಾಲ್ವು ನೋಡಿದೆ. ಊರ ನೀರು ಒಳಗ ಬರಾಕ ಬಾಗಲಾ ಇಲ್ಲ. ಇವರು ಹಗಲೆಲ್ಲಾ ಪಂಪು ಹಚ್ಚಿ ಬಾವಿಯಿಂದ ಟಾಕಿಗೆ ಏರಿಸಿದ ನೀರು ಸೀದಾ ಓಣಿಗೆ ಹರದು ಹೊಂಟಿತ್ತು.

ಹಾರಾ ಹಾಕಿಕೊಂಡು ನಿಂತ ಸಾವಕಾರ್ರ ಕಿವ್ಯಾಗ ಬಾಯಿ ಇಟ್ಟು ಎಲ್ಲಾ ಹೇಳಿದೆ. ಅವ್ರು ನಗುಮಾರಿ ಹಂಗ ಇಟ್ಟುಕೊಂಡು, ವಾಲ್ವು ತಿರುವಿದ್ರ ಇವರಿಗೆ ನೀರು ಬಂದ್ ಆಗತೈತೇನು ಅಂತ ಕೇಳಿದ್ರು. ಹೌದ್ರಿ ಅಂದೆ. ಕೊಳ್ಳಾಗಿನ ಹಾರಾ ಸರಿ ಮಾಡಿಕೊಂಡ್ರು.

"ತಿರುವೂದು ನಾಳೆ ನೋಡೂಣು," ಅಂದ್ರು. "ಈಗ ಸ್ವಲ್ಪ ಬಾಜೂಕ ಸರಿ. ಫೋಟೋದಾಗ ಬರಾಕತ್ತಿ."

ಕೆಂಪು

ಅಂತೂ ಮಾವ ಕೊಟ್ಟ ವರ್ಷ ಮುಗಿಯಾಕ ಎಂಟ ದಿನಾ ಉಳೀತು. ಆ ವರ್ಷ ನಾ ಚೆಕ್ ವಾಲ್ವು ನೋಡಿಕೊಂಡಂಗ ಬಾಣಂತಿನ್ನೂ ಯಾರೂ ನೋಡಿಕೊಂಡಿರಲಿಕ್ಕಿಲ್ಲ. ಶನಿವಾರಕ್ಕೊಮ್ಮೆ ಮುಚ್ಚಳಾ ತಗದು ಬಾಗಲಾ ಒರಸೂದು, ಅದರ ಚರ್ಮದ ವಾಶರ್ ಬದಲಿ ಮಾಡೂದು, ಚಾಚಾನ ಕಿಸೆದಾಗ ಹತ್ತಿ ಐತೇನು ಅಂತ ಮುಟ್ಟಿ ನೋಡೂದು. ಒಂದ ಹನಿ ಕರೀ ನೀರು ಊರಿಗೆ ಹೋಗಲಿಲ್ಲ.

ಆದ್ರ ಮಾವನ ಸಂಶೇ ಹೋಗಲಿಲ್ಲ. ಕರೀ ನೀರು ಬಂದಿಲ್ಲ ಖರೆ, ಹಗೂರಕ ಸ್ವಲ್ಪ ಸ್ವಲ್ಪ ಬಂದು ಕೂಡಿದ್ರ ಯಾರಿಗೆ ಗೊತ್ತಾಗತೈತಿ ಅಂತ ತಕರಾರ ತಗದ. ಬೆಟಗೇರಿ ಅಂದ್ರ ನೇಕಾರರ ಊರು. ನೂಲಿಗೆ ಬಣ್ಣಾ ಹಾಕೂ ಓಣಿಗೆ ಹೋಗಿ, ಒಂದು ಡಬ್ಬಿ ಕೆಂಪು ಬಣ್ಣಾ ತಂದ. ಇದನ್ನ ನಿಮ್ಮ ಟಾಕಿಗೆ ಹಾಕೂದು, ನೀರು ಬಿಡೂ ದಿನಾ ಊರ ನಳಾ ನೋಡೂದು, ಒಂದೀಟ ಕೆಂಪು ಕಂಡ್ರೂ ಮಗಳು ಮುಂಡರಗಿಗೆ ಅಂದ.

ನನಗ ನನ್ನ ವಾಲ್ವಿನ ಮ್ಯಾಲ ನಂಬಿಗಿ ಇತ್ತು. ಹೂಂ ಅಂದೆ. ಮ್ಯಾನೇಜರ್ ಸಾಹೇಬರಿಗೆ ಹೇಳೂಣೇನು ಅಂತ ಚಾಚಾಗ ಕೇಳಿದ್ರ, ಅವರಿಗೆ ಬಿ.ಪಿ. ಐತಿ, ಸುಮ್ಮನ ಯಾಕ ತ್ರಾಸ ಕೊಡಬೇಕು ಅಂದ್ರು. ಒಂದು ಬಾನಿ ನೂಲಿಗೆ ಚಿಟಿಕಿ ಸಾಕಾಗೂ ಬಣ್ಣಾ. ಮಾವ ಟಾಕಿ ದೊಡ್ಡದೈತಿ ಅಂತ ಇಡೀ ಡಬ್ಬಿ ಬೋರಲ ಹಾಕಿದ. ಮ್ಯಾಲ ಕಾರಂಜಿ ಪೈಪಿನ ತುದಿ ತಗಸಿ, ಅಲ್ಲಿ ಕೆಂಪು ಬರೂತನಕಾ ನೀರು ಬಿಡಿಸಿದ. ಗಿರಣಿ ಛಾವಣಿ ತುಂಬ ಒಣಾ ಮೆಣಸಿನಕಾಯಿ ಸಾರು ತುಂಬಿ ನಿಂತಂಗಾತು.

ಅವತ್ತ ಮಾವನ ಮಗಳು ಓಣಿ ನಳದ ಹಂತೇಕ ಸಿಕ್ಕಳು. ನೀರು ಬಂದ ಮರುದಿನಾ, ಶುಕ್ರವಾರ, ಮುಂಡರಗಿಯವ್ರು ನೋಡಾಕ ಬರ್ತಾರ ಅಂದ್ಲು. ಅಕಿ ಕಣ್ಣು ತುಂಬಿದ್ದು ಅಕಿ ಸಿಟ್ಟಿನ್ಯಾಗ ಮುಚ್ಚಿಡತಿದ್ಲು. ನಿನ್ನ ಬಾಗಲಾ ಗಟ್ಟಿ ಐತಿಲ್ಲೊ ಅಂತ ಕೇಳಿದ್ಲು. ಐತಿ ಅಂದೆ. ಇರಲಿಲ್ಲಾಂದ್ರ ತಾನ ಬಂದು ಒದ್ದು ಮುಚ್ಚತೇನಿ ಅಂದ್ಲು. ನನಗ ಎಂಟ ದಿನಾ ನಿದ್ದಿ ಹತ್ತಲಿಲ್ಲ.

ಗುರುವಾರ ಮುಂಜಾನೆ ನೀರು ಬಿಡೂ ದಿನಾ. ಎಂಟಕ್ಕ ನೀರು. ಏಳೂವರಿಗೆ ಮಾವ ಬಿಳೇ ಧೋತರಾ ಉಟ್ಟುಕೊಂಡು ಗಿರಣಿಗೆ ಬಂದ, ನಾನೇನರ ಕಿತಾಪತಿ ಮಾಡೇನೇನು ಅಂತ ನೋಡಾಕ. ಹತ್ತಿ ಬಿಡಿಸೂ ಖಾತೆದಾಗ ನಾನು, ಮಾವ, ಚಾಚಾ ನಿಂತಿದ್ವಿ. ಮ್ಯಾನೇಜರ್ ಸಾಹೇಬ್ರು ಬಿಳೇ ಸಫಾರಿ ಹಾಕಿಕೊಂಡು ರೌಂಡಿಗೆ ಬಂದ್ರು. ಅದ ವ್ಯಾಳ್ಯಾಕ್ಕ ಹತ್ತಿಯೊಳಗ ಒಂದು ಕಬ್ಬಿಣದ ಮೊಳಿ ಸಿಕ್ಕು ಯಂತ್ರದಾಗ ಕಿಡಿ ಹಾರಿತು. ಹತ್ತಿ ರಾಶಿ ಭಗ್ ಅಂತು. ಮ್ಯಾಲ ಪಟ್ ಪಟ್ ಅಂತ ಮೂರು ಗುಳಿಗಿ ಒಡದು, ಗಂಟಿ ಬಾರಿಸಾಕ ಹತ್ತಿತು, ನಮ್ಮ ಮ್ಯಾಲ ಕೆಂಪು ಮಳಿ ಸುರೀತು.

ಬೆಂಕಿ ಆರಾಕ ಎರಡು ನಿಮಿಷನೂ ಹತ್ತಲಿಲ್ಲ. ಕಾರಂಜಿ ಹಾಕಿದ ಮ್ಯಾಲ ಮೊದಲನೇ ಸಲ ಅದು ತನ್ನ ಕೆಲಸಾ ಮಾಡಿತ್ತು, ನನಗ ಹೆಮ್ಮಿ ಪಡಾಕೂ ಟೈಮಿಲ್ಲ. ಓಡಿ ಹೋಗಿ ವಾಲ್ವು ಮುಚ್ಚಿ ಬಂದೆ. ಬರೂದ್ರಾಗ ಮ್ಯಾನೇಜರ್ ಸಾಹೇಬ್ರು ತಮ್ಮ ಎರಡೂ ಕೈ ನೋಡಿಕೊಂಡು, ನನಗ ಎಲ್ಲಿ ಪೆಟ್ಟಾಗೈತಿ ನೋಡ್ರಿ ಅಂತ ಹತ್ತಿ ತುಂಬಿದ ಅಂಡಗಿ ಮ್ಯಾಲ ಮಲಗಿಬಿಟ್ಟಿದ್ರು. ಚಾಚಾ ಕೆಂಪು ಗಡ್ಡಾ ಹಿಂಡಿಕೋಂತ ಬಾಜೂಕ ಕುಂತು, ರಕ್ತ ಅಲ್ರಿ ಸಾಹೇಬ್ರ, ಬಣ್ಣ ಐತಿ ಅಂತ ಸಮಾಧಾನ ಮಾಡಾಕತ್ತಿದ್ರು. ಬಣ್ಣ ಎಲ್ಲಿಂದ ಬಂತು ಅಂತ ಸಾಹೇಬ್ರು ಕೇಳಿದ್ರು. ಚಾಚಾ ಕೈ ಎತ್ತಿ ಮ್ಯಾಲಿಂದ ಬಂತು ಅಂದ್ರು. ಸಾಹೇಬ್ರು ಕಣ್ಣ ಮುಚ್ಚಿ ಕೈ ಮುಗದ್ರು.

ಮಾವ ಮಾತ್ರ ಅಲ್ಲಿರಲಿಲ್ಲ. ಗಂಟಿ ಕೇಳಿದ ರೂಢಿಗೆ ಓಣಿ ವಾಲ್ವಿನ ಕಡೆ ಓಡಿ ಹೋಗಿದ್ದ. ಎಂಟ ಆಗಾಕ ಬಂದಿತ್ತು. ನಾನೂ ಪಾನಾ ಹಿಡಕೊಂಡು ಹಿಂದ ಓಡಿದೆ.

ಓಣ್ಯಾಗ ನಲವತ್ತು ಕೊಡಾ ಪಾಳೇಕ ಇದ್ದು. ತಲಿಯಿಂದ ಕಾಲತನಕಾ ಕೆಂಪಾದ ಮನಷ್ಯಾ ಓಡಿ ಬಂದು ವಾಲ್ವು ಮ್ಯಾಲ ಬಿದ್ದದ್ದು ನೋಡಿ ಹೆಣ್ಮಕ್ಕಳು ಕೊಡಾ ಬಿಟ್ಟು ಗ್ವಾಡಿಗೆ ಹತ್ತಿ ನಿಂತ್ರು. ಮಾವಗ ಅದರ ಖಬರ ಇಲ್ಲ. ವಾಲ್ವು ತಗದ. ನಳದ ಕೆಳಗ ಒಂದು ಬಿಳೇ ಬೋಗುಣಿ ಹಿಡದ. ನೀರು ಬಂತು, ಬೋಗುಣಿ ತುಂಬಿತು, ನೀರು ಗುಲಾಬಿ ಬಣ್ಣದ್ದಿತ್ತು.

"ಬಂತಲ್ಲ ಲೇ," ಅಂದ ಮಾವ.

ವರ್ಷ ಪೂರ್ತಿ ಒರಸಿದ ಬಾಗಲಾ, ನವರಾತ್ರಿ, ಶನಿವಾರ ಎಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು. ಮುಂಡರಗಿ ಬಾವಿ ಕಣ್ಣ ಮುಂದ ಬಂತು. ಆಗ ಮಾವನ ಮಗಳು ಬಂದು ಅಪ್ಪನ ಕೈಯಾಗಿನ ಬೋಗುಣಿ ಕಸಗೊಂಡು, ನೀರು ಚೆಲ್ಲಿ, ತನ್ನ ಕೈಲೆ ಹಿಡದಳು. ತುಂಬಿದ ನೀರಿನ ತಳದಾಗಿನ ಹೂವಿನ ಚಿತ್ತಾರಾ ಸೈತ ಕಾಣತಿತ್ತು. ಅದನ್ನ ಅಪ್ಪನ ಮಾರಿ ಮುಂದ ಹಿಡದಳು.

"ಅಪ್ಪಾ, ಹಿಂದಕ ಸರಿ. ಕೈಯಿಂದ ತೊಟ್ಟಿಕ್ಕಾಕತ್ತೈತಿ ನಿಂದು. ಬಣ್ಣಾ ಹತ್ತಿದ್ದು ನೀರಿಗಲ್ಲ, ನಿನಗ."

ಮಾವ ತನ್ನ ಕೈ ನೋಡಿಕೊಂಡ, ಧೋತರಾ ನೋಡಿಕೊಂಡ. ಬೋಗುಣಿ ನೀರು ಮೂರ ಸಲ ನೋಡಿದ. ಒಂದ ಹನಿ ಬಂದಿರಲಿಲ್ಲ. ಒಪ್ಪಿಕೊಳ್ಳಾಕ ಮನಸ ಬರವಲ್ದು. ಆದ್ರ ನೀರು ಹರದು ಹೊಂಟಿತ್ತು, ಓಣ್ಯಾಗ ಒಬ್ಬಕಿನೂ ಕೊಡಾ ಇಡವಲ್ಲಳು. ನೀರು ಬಿಡಾವನ ಹಿಂಗಾದ ಮ್ಯಾಲ ಕುಡದಾವರ ಗತಿ ಏನು ಅಂತ ಗುಸುಗುಸು ಚಾಲೂ ಆತು. ಎಂಟ ದಿನದ ನೀರು ಗಟಾರ ಪಾಲಾಗಾಕತ್ತಿತ್ತು. ಅದನ್ನ ನೋಡೂದು ಮಾವನ ಕೈಲೆ ಆಗಲಿಲ್ಲ. ನೀರು ಸ್ವಚ್ಛ ಐತಿ ಅಂದ. ಯಾರೂ ನಂಬಲಿಲ್ಲ. ಬೋಗುಣಿ ಎತ್ತಿ ಗಟಗಟ ಕುಡದು ತೋರಿಸಿದ. ಅಂವ ಹೆಂಗೂ ಕೆಟ್ಟ ಹೋಗ್ಯಾನ, ಕುಡೀತಾನ ಅಂದ್ರು.

ಕಡೀಕ ಮಾವ ಕಟ್ಟಿ ಹತ್ತಿ ನಿಂತ. ನನ್ನ ರಟ್ಟಿ ಹಿಡದು ಮ್ಯಾಲ ಜಗ್ಗಿಕೊಂಡ. ನಾನೂ ನೆತ್ತಿಯಿಂದ ಹಿಮ್ಮಡಿತನಕಾ ಕೆಂಪು, ಕೈಯಾಗ ಪಾನಾ.

"ಗಿರಣಿ ವಾಲ್ವು ಕಾಯಾಂವ ಇಂವ," ಅಂದ. "ಊರಿಗೆ ಕೆಟ್ಟ ನೀರು ಬಿಡಾವಗ ಯಾವ ಹಡದಪ್ಪರ ಮಗಳನ್ನ ಕೊಡ್ತಾನೇನು? ನಾ ಕೊಡಾಕತ್ತೇನಿ. ಇವಗ. ಇನ್ನರ ತುಂಬಿಕೊಳ್ಳ್ರಿ."

ನಾ ಮಾವನ ಮಗಳ ಕಡೆ ನೋಡಿದೆ, ಅಕಿ ಬೋಗುಣಿ ಕಡೆ ನೋಡತಿದ್ಲು. ಪಾಳೇದಾಗ ಮೊದಲ ನಿಂತಿದ್ದ ಅಜ್ಜಿ ಒಬ್ಬಕಿ ಮುಂದ ಬಂದಳು. ಮಾವನ್ನ ಮ್ಯಾಲಿಂದ ಕೆಳಗ ನೋಡಿದಳು, ನನ್ನ ಮ್ಯಾಲಿಂದ ಕೆಳಗ ನೋಡಿದಳು, ನಳದ ಕೆಳಗ ತನ್ನ ಕೊಡಾ ಇಟ್ಟಳು.

"ಆತ ಬಿಡು. ಮಾವಾ ಅಳಿಯಾ ಇಬ್ಬರಿಗೂ ಅರಿಷಿಣಾ ಹಚ್ಚಾಕ ಮೈಮ್ಯಾಲ ಜಾಗಾನ ಉಳದಿಲ್ಲ. ಸೀದಾ ಅಕ್ಕಿಕಾಳ ಹಾಕಿ ಮುಗಸ್ರಿ."